ಎಡ್ವರ್ಡ್ ಪೆನ್ನಿ ಐದು: ಯಾವುದು ಯಾವ ರಾಜನದ್ದು, ತೂಕ ಯಾಕೆ ಹೀಗಿದೆ?

ಬೆಳ್ಳಿಚೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಹರಾಜೊಂದರಿಂದ ಒಂದೇ ಲಾಟಿನಲ್ಲಿ ಬಂದ ಐದು ಬೆಳ್ಳಿ ಪೆನ್ನಿಗಳು ಇವೆ. ಜೊತೆಗಿನ ಚೀಟಿಯಲ್ಲಿ "ಎಡ್ವರ್ಡ್ 1–3, ಮಿಶ್ರ" ಎಂದಷ್ಟೇ ಬರೆದಿದೆ. ಐದರಲ್ಲೂ ಮುಂಬದಿಗೆ ನೇರ ನಮ್ಮತ್ತ ನೋಡುವ ಮುಖ, ಹಿಂಬದಿಗೆ ಅಂಚು ಮುಟ್ಟುವ ಉದ್ದ ಶಿಲುಬೆ, ಶಿಲುಬೆಯ ನಾಲ್ಕು ಮೂಲೆಯಲ್ಲೂ ಮೂರು ಮೂರು ಗುಂಡುಚುಕ್ಕೆ. ಅಳತೆ ಹೀಗಿದೆ:

ಕ: 1.41 ಗ್ರಾಂ, 19 ಮಿ.ಮೀ. ರಾಜನ ಹೆಸರು ಮೂರೇ ಅಕ್ಷರ: ಇ, ಡಿ, ಡಬ್ಲ್ಯು. ಹಿಂಬದಿಗೆ ಲಂಡನ್. ಎದೆಯ ಮೇಲೆ ಮೂರು ಸಣ್ಣ ಚುಕ್ಕೆ.

ಖ: 1.30 ಗ್ರಾಂ, 18.5 ಮಿ.ಮೀ. ಹೆಸರು ನಾಲ್ಕು ಅಕ್ಷರ: ಇ, ಡಿ, ಡಬ್ಲ್ಯು, ಎ. ಹಿಂಬದಿಗೆ ಕ್ಯಾಂಟರ್ಬರಿ. ಕಿರೀಟದ ಎಡಬದಿ ಮುರಿದಂತೆ ಕಾಣುತ್ತದೆ.

ಗ: 1.36 ಗ್ರಾಂ, 18.5 ಮಿ.ಮೀ. ಹೆಸರು ಖ ಇದ್ದಂತೆಯೇ. ಹಿಂಬದಿಗೆ ಡರ್ಹಮ್. ಮುಂಬದಿ ಬರಹ ಶುರುವಾಗುವ ಜಾಗದ ಶಿಲುಬೆಯ ತುದಿಗಳು ಎರಡಾಗಿ ಸೀಳಿ ಹೊರಕ್ಕೆ ಬಾಗಿವೆ.

ಘ: 1.24 ಗ್ರಾಂ, 18 ಮಿ.ಮೀ. ಕಿರೀಟವೇ ಇಲ್ಲ, ತಲೆಗೆ ಹೂವಿನ ಪಟ್ಟಿ. ಬರಹ ಎಡ್ವರ್ಡ್ ಅಲ್ಲವೇ ಅಲ್ಲ. ಹಿಂಬದಿಗೆ "ಮೊನೇಟಾ ಮೊಂಟೆಸ್" ಎಂದು ಓದಿಕೊಂಡಿದ್ದೇನೆ.

ಙ: 1.02 ಗ್ರಾಂ, 16.5 ಮಿ.ಮೀ. ಸುತ್ತಿನ ಬರಹದ ಅರ್ಧಕ್ಕರ್ಧ ಇಲ್ಲ. ಹಿಂಬದಿಗೆ "ಸಿವಿ ತಾಸ್" (ಲ್ಯಾಟಿನ್‌ನಲ್ಲಿ ನಗರ) ಆದಮೇಲೆ "ಲ"ದಿಂದ ಶುರುವಾಗುವ ಊರು, ಲಂಡನ್ ಎಂದುಕೊಂಡಿದ್ದೇನೆ. ಒಂದು ಕಡೆ ಗಟ್ಟಿ ಕಪ್ಪು ಪದರ.

ಕೇಳಬೇಕಾದದ್ದು: ಒಂದನೇ, ಎರಡನೇ, ಮೂರನೇ ಎಡ್ವರ್ಡರನ್ನು ಬೇರೆ ಮಾಡುವ ಕ್ರಮ ಏನು? ಙ ಇಷ್ಟು ಹಗುರ ಇರುವುದು ಕತ್ತರಿಸಿದ್ದರಿಂದಲೋ, ಆಮೇಲಿನ ಕಾಲದ್ದೋ, ನಕಲೋ? ಆ ಕಪ್ಪನ್ನು ತೆಗೆಯಬಹುದೇ?

ಟಂಕಸಾಲೆ

ಮೊದಲು ಒಂದು ಮಾತು: ಮುಖ ನೋಡಿ ರಾಜನನ್ನು ಗುರುತಿಸಲು ಹೋಗಬೇಡಿ. 1279ರಲ್ಲಿ ಒಂದನೇ ಎಡ್ವರ್ಡ್ ಪೆನ್ನಿಯನ್ನು ಹೊಸದಾಗಿ ರೂಪಿಸಿದ. ಅದೇ ರೂಪ ಮಗನ ಕಾಲ ದಾಟಿ ಮೊಮ್ಮಗನವರೆಗೆ ನಡೆಯಿತು. ಅದು ಯಾರ ಚಿತ್ರವೂ ಅಲ್ಲ, ರಾಜತ್ವದ ಒಂದು ಗುರುತು ಅಷ್ಟೆ. ಅಚ್ಚು ಕೆತ್ತುವವರು ಕಣ್ಣು, ಕೂದಲು, ಕಿರೀಟದ ಎಸಳು ಎಲ್ಲವನ್ನೂ ಬೇರೆಬೇರೆ ಉಕ್ಕಿನ ಮೊಳೆಗಳಿಂದ ಒಂದೊಂದಾಗಿ ಒತ್ತಿ ಕೂಡಿಸುತ್ತಿದ್ದರು. ಮೊಳೆ ಸವೆದರೆ, ಮುರಿದರೆ, ಬದಲಾದರೆ ನಾಣ್ಯದಲ್ಲಿ ಗೊತ್ತಾಗುತ್ತದೆ. ಇಡೀ ವರ್ಗೀಕರಣ ನಿಂತಿರುವುದು ಇದರ ಮೇಲೆ. ನಾಣ್ಯತಜ್ಞರಾದ ಫಾಕ್ಸ್ ಸಹೋದರರು ಹಾಕಿಕೊಟ್ಟ 1ರಿಂದ 15ರವರೆಗಿನ ವರ್ಗಗಳು ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಇವತ್ತಿಗೂ ಬಳಕೆಯಲ್ಲಿವೆ. ಸಂಖ್ಯೆಯ ಮುಂದೆ ಬರುವ ಇಂಗ್ಲಿಷ್ ಅಕ್ಷರಗಳು (4ಇ, 10ಸಿಎಫ್ ಥರದವು) ಆ ವರ್ಗದ ಉಪವರ್ಗಗಳು.

ಮೊದಲ ಹೆಜ್ಜೆ ರಾಜನ ಹೆಸರಿಗೆ ಎಷ್ಟು ಅಕ್ಷರ ಎಂದು ಎಣಿಸುವುದು. ಮೇಲಿನ ಸಣ್ಣ ಶಿಲುಬೆಯಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ಓದಿ. ಮೂರು ಅಕ್ಷರವಾದರೆ ಸಾಮಾನ್ಯವಾಗಿ 1ರಿಂದ 9ನೇ ವರ್ಗ, ಅಂದರೆ 1279ರಿಂದ 1301ರ ಆಸುಪಾಸು, ಒಂದನೇ ಎಡ್ವರ್ಡನೇ. "ಎಡ್ವಾರ್ಡ್", "ಎಡ್ವಾರ್" ಎಂದು ಉದ್ದವಾಗಿದ್ದರೆ 10ಎಬಿ, 1301ರಿಂದ 1305. ನಾಲ್ಕೇ ಅಕ್ಷರವಾದರೆ 10ಸಿಎಫ್‌ನಿಂದ 15ರ ನಡುವೆ ಎಲ್ಲಿಯಾದರೂ ಆಗಬಹುದು, ಅಂದರೆ 1305ರಿಂದ ಮುಂದೆ.

ಎರಡನೇ ಹೆಜ್ಜೆ ಕಿರೀಟದ ಎರಡು ಬದಿಯ ಹೂಗಳು. ಮೂರೆಸಳಿದ್ದರೆ 9ನೇ ವರ್ಗದ ಒಳಗೆ, ಎರಡೇ ಎಸಳಿದ್ದರೆ 10 ಮತ್ತು ಆಮೇಲಿನದು. ಸವೆದ ನಾಣ್ಯದಲ್ಲಿ ಹೆಸರು ಓದಲು ಬಾರದಿದ್ದರೂ ಎಸಳು ಕಂಡೀತು. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು, ಬೆಳಕು ಮಾತ್ರ ಒಂದೇ ಬದಿಯಿಂದ ಓರೆಯಾಗಿ ಬೀಳಬೇಕು.

ಮೂರನೆಯದು ಎದೆ. 9ನೇ ವರ್ಗದೊಳಗೆ ಇದು ತುಂಬ ಉಪಕಾರಿ. ಮೂರು ಚುಕ್ಕೆ ಇದ್ದು ಲಂಡನ್ ಆದರೆ 4ಇ. ಒಂದೇ ಚುಕ್ಕೆಯಾದರೆ 5. ಗುಲಾಬಿ ಇದ್ದರೆ 7. ನಕ್ಷತ್ರ ಇದ್ದರೆ 9. ಸವೆದ ಗುಲಾಬಿಯೂ ಸವೆದ ನಕ್ಷತ್ರವೂ ಒಂದೇ ಥರ ಕಾಣುತ್ತವೆ, ಆಗ "ಎನ್" ಅಕ್ಷರ ನೋಡಿ. 9ಬಿಯಲ್ಲಿ ಅದರ ನಡುಗೆರೆ ಮಾಯವಾಗಿರುವುದು ಅಥವಾ ಕೊಕ್ಕೆಯಂತಾಗಿರುವುದು ಸಾಮಾನ್ಯ.

ಹಾಗಾಗಿ ನಿಮ್ಮ ಕ 4ಇ, ಒಂದನೇ ಎಡ್ವರ್ಡ್, 1289ರ ಸುತ್ತಮುತ್ತ. 1.41 ಗ್ರಾಂ ಅಂದರೆ ಹೊಸದರಲ್ಲಿ ಇದ್ದಷ್ಟೇ ಇದೆ ಎನ್ನಬಹುದು.

ಮೂರು ಅಕ್ಷರದ ನಿಯಮಕ್ಕೆ ಒಂದು ಅಪವಾದ ನೆನಪಿರಲಿ. ಮೂರನೇ ಎಡ್ವರ್ಡ್ 1344ರಿಂದ 1351ರವರೆಗೆ ಹೊಡೆಸಿದ ಪೆನ್ನಿಯಲ್ಲೂ ಇದೇ ಮೂರಕ್ಷರ ಬರುತ್ತದೆ. ಅದರ ಕೂದಲು ಪೊದೆಯಂತೆ ದಟ್ಟ, ಅಗಲ. ಎಷ್ಟೋ ನಾಣ್ಯಗಳಲ್ಲಿ "ಎನ್" ನೇರ ಗೆರೆಗಳದ್ದಾಗಿರದೆ ದುಂಡು ಬೆನ್ನಿನ ಲೊಂಬಾರ್ಡ್ ರೂಪದಲ್ಲಿರುತ್ತದೆ. ತೂಕವೂ 1.3 ಗ್ರಾಂ ಹತ್ತಿರ. ಲಾಟಿನ ಚೀಟಿಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ.

ಖ ಬಗ್ಗೆ: ಕಿರೀಟದ ಎಡ ಮುರಿದಿದ್ದರೆ 10ಸಿಎಫ್3 ಇರಬಹುದು. ಅದು 1307ರ ಆಸುಪಾಸಿನದು. ಆ ವರ್ಷ ಜುಲೈ 7ರಂದು ಒಂದನೇ ಎಡ್ವರ್ಡ್ ಸ್ಕಾಟ್ಲೆಂಡಿನ ಗಡಿ ಹತ್ತಿರದ ಬರ್ಗ್ ಬೈ ಸ್ಯಾಂಡ್ಸ್‌ನಲ್ಲಿ ತೀರಿಕೊಂಡ. ಮಗನ ಹೆಸರೂ ಎಡ್ವರ್ಡ್ ಆದ್ದರಿಂದ ಟಂಕಸಾಲೆಯಲ್ಲಿ ಏನನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ. ಆ ಉಪವರ್ಗದ ನಾಣ್ಯ ಅಪ್ಪನದ್ದೋ ಮಗನದ್ದೋ ಎಂದು ಗೆರೆ ಎಳೆಯಲಾಗದು. ಹಾಗೆ ಎಳೆದು ಹೆಚ್ಚು ಬೆಲೆ ಕೇಳುವವರ ಹತ್ತಿರ ಹುಷಾರು.

ಲೆಸ್ಟರ್ ಕನ್ನಡಿಗ

ಟಂಕಸಾಲೆಯವರು ಹೇಳಿದ ಕ್ರಮ ಸರಿ. ಖ ವಿಷಯದಲ್ಲಿ ಮಾತ್ರ ಇನ್ನೊಂದು ಪರೀಕ್ಷೆ ಬಾಕಿಯಿದೆ. ಕಿರೀಟದ ಎಡಬದಿ ಒಡೆಯುವುದು ಎರಡು ಕಡೆ. 10ಸಿಎಫ್3ರ ಮೊದಲ ನಾಣ್ಯಗಳಲ್ಲಿ ಮುರಿದಿರುವುದು ಎಡ ಎಸಳು. 11ನೇ ವರ್ಗದಲ್ಲಿ ಮುರಿದಿರುವುದು ಹೂಗಳ ನಡುವೆ ನಿಂತಿರುವ ಸಣ್ಣ ಈಟಿಮೊನೆ ಅಥವಾ ಮುತ್ತು. ಲೂಪಿನಲ್ಲೂ ಇವೆರಡನ್ನು ಗೊಂದಲ ಮಾಡಿಕೊಳ್ಳುವುದು ಸುಲಭ, ಆದ್ದರಿಂದ ಕಿರೀಟ ಬಿಟ್ಟು ಹೆಸರಿನ ಮೊದಲ "ಇ" ನೋಡಿ. ಅದರ ಬೆನ್ನು ದುಂಡಗಿದ್ದರೆ 10 ಅಥವಾ 11ಎ. ನಡುವಲ್ಲಿ ಮೂಲೆ ಬಿದ್ದು ಮೊನಚಾಗಿದ್ದರೆ 11ಬಿ. 11 ಆದರೆ ಸಂಶಯವಿಲ್ಲದೆ ಎರಡನೇ ಎಡ್ವರ್ಡ್, 1310ರಿಂದ 1314ರೊಳಗೆ.

ಅಲ್ಲಿಂದ ಮುಂದಿನ ವರ್ಗಗಳಿಗೂ ಕಿರೀಟವೇ ಕೈಗಂಬ. 12ರಲ್ಲಿ ನಡುಹೂವು ಮೂರು ಬೆಣೆ ಸೇರಿಸಿದಂತಿದೆ. 13ರಲ್ಲಿ ಎರಡು ಬಾಯಿಯ ಕೊಡಲಿಯಂತೆ. 14ರಲ್ಲಿ ನಡುಹೂವು ಎತ್ತರ, ಮುಖ ದೊಡ್ಡದು, ನಗುಮುಖ, ಕಣ್ಣು ಓರೆ; ಒಮ್ಮೆ ನೋಡಿದರೆ ಮರೆಯುವುದಿಲ್ಲ. 15ರಲ್ಲಿ ಕಿರೀಟ ಚಪ್ಪಟೆ, ಎರಡೂ ಈಟಿಮೊನೆ ಎಡಕ್ಕೆ ವಾಲಿರುತ್ತವೆ. 15ನೇ ವರ್ಗ ಮೂರನೇ ಎಡ್ವರ್ಡನ ಮೊದಲ ವರ್ಷಗಳವರೆಗೂ ಎಳೆದುಕೊಂಡು ಹೋಗಿದೆ.

ಗ ನಿಮ್ಮ ಐದರಲ್ಲಿ ಎಲ್ಲಕ್ಕಿಂತ ಕರಾರುವಾಕ್ಕಾಗಿ ಕಾಲ ಹೇಳಬಹುದಾದ ನಾಣ್ಯ. ಡರ್ಹಮ್‌ನಲ್ಲಿ ನಾಣ್ಯ ಹೊಡೆಸುವ ಹಕ್ಕು ಅಲ್ಲಿನ ಬಿಷಪ್‌ಗೆ ಇತ್ತು, ಬಿಷಪ್‌ಗಳು ತಮ್ಮ ಗುರುತು ಹಾಕಿಸುತ್ತಿದ್ದರು. ತುದಿ ಸೀಳಿದ ಶಿಲುಬೆ ಆಂಟನಿ ಬೆಕ್‌ನದ್ದು. ಅವನ ನಂತರದ ಕೆಲ್ಲಾವ್‌ನ ನಾಣ್ಯದಲ್ಲಿ ಹಿಂಬದಿ ಶಿಲುಬೆಯ ಒಂದು ತೋಳು ಬಿಷಪ್‌ನ ದಂಡದಂತೆ ಡೊಂಕಾಗಿರುತ್ತದೆ. ಬ್ಯೂಮಾಂಟ್‌ನದ್ದಾದರೆ ಸಿಂಹ. ಬರೀ ಸಾದಾ ಶಿಲುಬೆ ಇದ್ದರೆ ಆಗ ಟಂಕಸಾಲೆ ರಾಜನ ಅಧಿಕಾರಿಯ ಕೈಯಲ್ಲಿತ್ತು ಎಂದು ಅರ್ಥ. ಬೆಕ್ ಸತ್ತದ್ದು 1311ರ ಮಾರ್ಚ್‌ನಲ್ಲಿ. ಹೆಸರು ನಾಲ್ಕಕ್ಷರ, ಗುರುತು ಬೆಕ್‌ನದು ಅಂದಮೇಲೆ 10ಸಿಎಫ್, 1305ರಿಂದ 1310ರ ಒಳಗೆ.

ಘ ಇಂಗ್ಲಿಷ್ ನಾಣ್ಯವೇ ಅಲ್ಲ. "ಮೊನೇಟಾ ಮೊಂಟೆಸ್" ಅಂದರೆ ಮೋನ್ಸ್ ಊರಿನ ನಾಣ್ಯ, ಈಗಿನ ಬೆಲ್ಜಿಯಂನ ಎನೋ ಪ್ರಾಂತ್ಯ. ಮುಂಬದಿಗೆ ಅಲ್ಲಿನ ಕೌಂಟ್ ಆವೆನ್ ಮನೆತನದ ಜಾನ್‌ನ ಹೆಸರಿರಬೇಕು, "ಕೋಮೆಸ್ ಹನೋನಿಯೆ" (ಎನೋದ ಕೌಂಟ್) ಎನ್ನುವ ಭಾಗ ಹುಡುಕಿ. ಇಂಗ್ಲಿಷ್ ಪೆನ್ನಿಯ ಅಂದ ಕದ್ದು ಬೆಳ್ಳಿ ಕಡಿಮೆ ಹಾಕಿ ಫ್ಲಾಂಡರ್ಸ್ ಸುತ್ತಲಿನ ಸಣ್ಣ ದೊರೆಗಳು ಇಂಥವನ್ನು ರಾಶಿ ರಾಶಿ ಹೊಡೆಸಿದರು. ಉಣ್ಣೆ ವ್ಯಾಪಾರದ ಜೊತೆ ಅವು ಇಂಗ್ಲೆಂಡಿಗೆ ಹರಿದು ಬಂದವು. ಹೂಪಟ್ಟಿಯದ್ದಕ್ಕೆ ಕ್ರೋಕರ್ಡ್, ಬೋಳುತಲೆಯದ್ದಕ್ಕೆ ಪೊಲಾರ್ಡ್ ಎಂದು ಜನ ಕರೆದರು. 1299ರ ಕ್ರಿಸ್‌ಮಸ್‌ನಿಂದ ಎರಡಕ್ಕೆ ಒಂದು ಪೆನ್ನಿಯ ಬೆಲೆ, 1300ರ ಈಸ್ಟರ್ ಹೊತ್ತಿಗೆ ಪೂರ್ತಿ ರದ್ದು. ಅವನ್ನು ಕರಗಿಸಿ ಮರಳಿ ಹೊಡೆಯಲು ಎಕ್ಸಿಟರ್, ಕಿಂಗ್‌ಸ್ಟನ್ ಅಪಾನ್ ಹಲ್‌ನಂಥ ಊರುಗಳಲ್ಲೂ ಟಂಕಸಾಲೆ ತೆರೆಯಬೇಕಾಯಿತು. ಆದ್ದರಿಂದ ಆ ಎರಡು ಊರಿನ ಪೆನ್ನಿ ಕಂಡರೆ ಅದು 9ಬಿ, ಬೇರೆ ಯೋಚನೆ ಬೇಡ.

ಘ ವಿಷಯದಲ್ಲಿ ಇಷ್ಟು: ಅದನ್ನು "ನಕಲಿ" ಎಂದು ಪಕ್ಕಕ್ಕಿಡಬೇಡಿ. ಆ ಕಾಲದ ರಾಜಕೀಯವೇ ಅದರಲ್ಲಿದೆ. ನನ್ನ ಲೆಕ್ಕದಲ್ಲಿ ಸಾಮಾನ್ಯ ಲಂಡನ್ 10ನೇ ವರ್ಗದ ಪೆನ್ನಿಗಿಂತ ಇದೇ ಸಂಗ್ರಹಕ್ಕೆ ಮೇಲು.

ತಕ್ಕಡಿ

ತೂಕದ ಪ್ರಶ್ನೆಗೆ ಬರುತ್ತೇನೆ. ಯಾವ ವರ್ಷ ಎಷ್ಟು ತೂಕಕ್ಕೆ ಹೊಡೆಯಬೇಕು ಎಂದು ಆಜ್ಞೆ ಇತ್ತು ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಆದಂತೆ.

1279ರಿಂದ ಪೆನ್ನಿ ಸುಮಾರು 1.44 ಗ್ರಾಂ. 1344ರಲ್ಲಿ 1.32. 1346ರಲ್ಲಿ 1.30. 1351ರಲ್ಲಿ 1.17. 1412ರಲ್ಲಿ 0.97. 1464ರಲ್ಲಿ 0.78. ಬೆಳ್ಳಿಯ ಶುದ್ಧತೆ ಮಾತ್ರ ಈ ಉದ್ದಕ್ಕೂ ಸ್ಟರ್ಲಿಂಗ್, ಸಾವಿರಕ್ಕೆ 925. ಬೆಳ್ಳಿ ಬೆಲೆ ಏರಿದಾಗ ಇಂಗ್ಲಿಷರು ಕಲಬೆರಕೆ ಮಾಡುವ ಬದಲು ಪೆನ್ನಿಯನ್ನೇ ಹಗುರ ಮಾಡಿದರು. (1335ರ ಅರ್ಧ ಪೆನ್ನಿ, ಕಾಲು ಪೆನ್ನಿಗಳಲ್ಲಿ ಕಡಿಮೆ ಬೆಳ್ಳಿ ಹಾಕಿದ್ದುಂಟು. ಪೆನ್ನಿಗೆ ಅದು ಅನ್ವಯವಿಲ್ಲ.)

ಒಂದು ಎಚ್ಚರಿಕೆ. ಇವು ಸರಾಸರಿ. ಒಂದು ಪೌಂಡ್ ತೂಕದ ಬೆಳ್ಳಿಗೆ ಇಷ್ಟು ನಾಣ್ಯ ಎಂದು ಲೆಕ್ಕ, ಪ್ರತಿ ನಾಣ್ಯವನ್ನೂ ಕೂದಲೆಳೆಯಷ್ಟು ಹೊಂದಿಸುತ್ತಿರಲಿಲ್ಲ. ಆದ್ದರಿಂದ ಒಂದನೇ ಎಡ್ವರ್ಡನ ಪೆನ್ನಿ ಕತ್ತರಿ ಕಾಣದೆಯೂ 1.30 ಇರಬಹುದು. ನಿಮ್ಮ ಖ ಹಾಗೆಯೇ. 0.1 ಗ್ರಾಂ ವ್ಯತ್ಯಾಸ ಹಿಡಿದುಕೊಂಡು ವರ್ಗ ಬದಲಿಸಬೇಡಿ.

ಙ 1.02 ಗ್ರಾಂ. ಎರಡು ಸಾಧ್ಯತೆ: 1.44ರ ನಾಣ್ಯವನ್ನು ಸುತ್ತ ಕತ್ತರಿಸಿದ್ದು, ಅಥವಾ 1351ರ ನಂತರದ 1.17ರ ನಾಣ್ಯ ಸವೆದದ್ದು. ತೂಕ ಇದನ್ನು ಹೇಳುವುದಿಲ್ಲ, ಒಳಗಿನ ಚುಕ್ಕೆಸುತ್ತು ಹೇಳುತ್ತದೆ. ಮುಖದ ಸುತ್ತ, ಬರಹದ ಒಳಗೆ, ಚುಕ್ಕೆಗಳ ಒಂದು ಬಳೆ ಇದೆಯಲ್ಲ, ಕತ್ತರಿ ಅಲ್ಲಿಯವರೆಗೆ ಬರುವುದು ಅಪರೂಪ. ಕ ನಾಣ್ಯದ ಆ ಬಳೆಯ ಅಡ್ಡಳತೆಯನ್ನೂ ಙದನ್ನೂ ವರ್ನಿಯರ್‌ನಲ್ಲಿ ಅಳೆದು ನೋಡಿ. ಪ್ಲಾಸ್ಟಿಕ್ ವರ್ನಿಯರ್ ಆಗಲಿ, ಉಕ್ಕಿನದ್ದರಿಂದ ಗೀರು ಬೀಳುತ್ತದೆ. ಬಳೆ ಸಮ ಇದ್ದು ಹೊರಗಿನ ಬರಹ ಮಾತ್ರ ಇಲ್ಲದಿದ್ದರೆ ಕತ್ತರಿಸಿದ್ದು. ಬಳೆಯೇ ಚಿಕ್ಕದಾಗಿದ್ದರೆ ಆಮೇಲಿನ ಕಾಲದ ಸಣ್ಣ ಅಚ್ಚು. 1351ರ ನಂತರದ್ದಾದರೆ ಹೆಸರು "ಎಡ್ವಾರ್ಡಸ್" ಎಂದು ಉದ್ದವಾಗಿಯೂ ಇರುತ್ತದೆ.

ಕತ್ತರಿಸಿದ್ದಕ್ಕೆ ಬೇರೆ ಲಕ್ಷಣಗಳೂ ಇವೆ. ಅಕ್ಷರಗಳ ಬುಡ ಉಳಿದು ತಲೆ ಹೋಗಿರುತ್ತದೆ. ಅಂಚು ದುಂಡಗಿರದೆ ಸಣ್ಣ ಸಣ್ಣ ನೇರ ಗೆರೆಗಳ ಸರಣಿಯಾಗಿರುತ್ತದೆ, ಕತ್ತರಿಯ ಒಂದೊಂದು ಕಡಿತಕ್ಕೆ ಒಂದೊಂದು. ಮುಖ ನಾಣ್ಯದ ನಡುವೆ ಇಲ್ಲದೆ ಒಂದು ಕಡೆ ಸರಿದಂತೆ ತೋರುತ್ತದೆ. ಸವೆತದಲ್ಲಿ ಹಾಗಲ್ಲ, ಅಕ್ಷರ ಪೂರ್ತಿ ಇರುತ್ತದೆ, ಚಪ್ಪಟೆಯಾಗಿರುತ್ತದೆ.

ವಿಜಯನಗರದ ತಾಮ್ರದ ಕಾಸು ನೋಡಿ ಅಭ್ಯಾಸವಾದವರು ಇಲ್ಲಿ ತಪ್ಪುತ್ತಾರೆ. ನಮ್ಮಲ್ಲಿ ಅಚ್ಚಿಗಿಂತ ಬಿಲ್ಲೆ ಚಿಕ್ಕದಿರುವುದು ಮಾಮೂಲು, ಚಿತ್ರದ ತುಂಡು ಹೊರಗುಳಿದರೆ ಯಾರೂ ಕತ್ತರಿಯನ್ನು ದೂರುವುದಿಲ್ಲ. ಎಡ್ವರ್ಡ್ ಪೆನ್ನಿಯಲ್ಲಿ ಬಿಲ್ಲೆ ಅಚ್ಚಿಗೆ ತಕ್ಕಷ್ಟೇ ಇರುತ್ತಿತ್ತು. ಬರಹ ಇಲ್ಲ ಎಂದರೆ ಯಾರೋ ತೆಗೆದಿದ್ದಾರೆ.

ಅಂದ ಹಾಗೆ ಉದ್ದ ಶಿಲುಬೆ ಬಂದದ್ದೇ ಕತ್ತರಿ ತಡೆಯಲು. 1180ರಿಂದ 1247ರವರೆಗಿನ ಪೆನ್ನಿಯಲ್ಲಿ ಶಿಲುಬೆ ಗಿಡ್ಡ, ಒಳಸುತ್ತಿನಲ್ಲೇ ಮುಗಿಯುತ್ತಿತ್ತು. ಅಂಚಿನಿಂದ ಚೂರು ತೆಗೆದರೆ ತಿಳಿಯುತ್ತಿರಲಿಲ್ಲ. 1247ರಲ್ಲಿ ಮೂರನೇ ಹೆನ್ರಿ ಶಿಲುಬೆಯನ್ನು ಅಂಚಿಗೆ ಮುಟ್ಟಿಸಿದ, ನಾಲ್ಕೂ ತುದಿ ಕಾಣದ ನಾಣ್ಯ ಕ್ರಮಬದ್ಧವಲ್ಲ ಎಂದಾಯಿತು. ಕತ್ತರಿ ನಿಂತಿತೇ? ನಿಮ್ಮ ಙ ನೋಡಿ.

ಟಂಕಸಾಲೆ

ತಕ್ಕಡಿಯವರ ಮಾತಿಗೆ ಸಣ್ಣ ಸೇರ್ಪಡೆ. ಅಕ್ಷರ ಕಾಣದಿರುವುದಕ್ಕೆ ಮೂರನೇ ಕಾರಣವೂ ಇದೆ: ಏಟು ಸರಿಯಾಗಿ ಬೀಳದಿರುವುದು. ಮುಂಬದಿಯ ಅಚ್ಚು ಕೆಳಗೆ, ಅದರ ಮೊನೆ ಮರದ ದಿಮ್ಮಿಯಲ್ಲಿ ನೆಟ್ಟಿರುತ್ತದೆ, ಅದಕ್ಕೆ ಪೈಲ್ ಎನ್ನುತ್ತಾರೆ. ಹಿಂಬದಿಯದ್ದು ಕೈಯಲ್ಲಿ ಹಿಡಿದು ಮೇಲಿಟ್ಟ ಟ್ರಸೆಲ್. ಸುತ್ತಿಗೆ ಅದರ ತಲೆಗೆ. ಟ್ರಸೆಲ್ ಕೂದಲೆಳೆಯಷ್ಟು ವಾಲಿದರೂ ಒಂದು ಬದಿ ಮೂಡುವುದಿಲ್ಲ. ಆಗ ನಾಣ್ಯದ ಒಂದೇ ಜಾಗದಲ್ಲಿ ಎರಡೂ ಬದಿಯ ಬರಹ ಮಸುಕಾಗಿರುತ್ತದೆ, ಅಂಚು ಮಾತ್ರ ಪೂರ್ತಿ ದುಂಡಗೆ ಇರುತ್ತದೆ. ಇದು ಸವೆತವೂ ಅಲ್ಲ, ಕತ್ತರಿಯೂ ಅಲ್ಲ. ಮಾರುವವರು ಬಹಳ ಸಲ "ಸವೆದದ್ದು" ಎಂದು ಕಡಿಮೆಗೆ ಹಾಕಿರುತ್ತಾರೆ, ಕೊಳ್ಳುವವರಿಗೆ ಲಾಭ.

ಮೇಲಿನ ಅಚ್ಚು ನೇರ ಏಟು ತಿಂದು ಬೇಗ ಹಾಳಾಗುತ್ತದೆ. ಹಾಗಾಗಿ ಒಂದು ಮುಖದ ಅಚ್ಚಿಗೆ ಹಿಂಬದಿಯ ಹಲವು ಅಚ್ಚು ಜೊತೆಯಾಗಿರುವುದು ಸಹಜ. ಎರಡು ಬದಿಯ ತಲೆ ಮೇಲು ಒಂದೇ ದಿಕ್ಕಿಗೆ ಇಲ್ಲ ಎಂದು ಅನುಮಾನ ಪಡುವವರಿದ್ದಾರೆ. ಇಲ್ಲಿ ಅಂಥ ನಿಯಮವೇ ಇಲ್ಲ, ಕೈಗೆ ಬಂದಂತೆ ಇಟ್ಟು ಹೊಡೆದದ್ದು.

ಙ ಊರಿನ ವಿಷಯ: ಹಿಂಬದಿಯ ಬರಹವನ್ನು ಶಿಲುಬೆ ನಾಲ್ಕು ತುಂಡು ಮಾಡುತ್ತದೆ. ಮೊದಲೆರಡು ತುಂಡು "ಸಿವಿ", "ತಾಸ್" ಬಹುತೇಕ ನಗರಗಳಿಗೆ ಒಂದೇ. ಊರು ತಿಳಿಯುವುದು ಮೂರನೇ ತುಂಡಿನಿಂದ. "ಲೊನ್" ಆದರೆ ಲಂಡನ್, "ಕ್ಯಾನ್" ಆದರೆ ಕ್ಯಾಂಟರ್ಬರಿ, "ಎಬೊ" ಆದರೆ ಯಾರ್ಕ್. "ಲ" ಎಂದ ತಕ್ಷಣ ಲಂಡನ್ ಎನ್ನಬೇಡಿ. ಎರಡನೇ ಅಕ್ಷರ ದುಂಡಗಿನ "ಒ" ಆಗಿದೆಯೋ ನಿಂತ ಗೆರೆಯ "ಐ" ಆಗಿದೆಯೋ? ಗೆರೆಯಾದರೆ ಲಿಂಕನ್. "ವಿಲ್" ಎಂದು ಶುರುವಾದರೆ ಅದು ನಗರವಲ್ಲ, ಪಟ್ಟಣ: ಬರಿ ಸೇಂಟ್ ಎಡ್ಮಂಡ್ಸ್, ನ್ಯೂಕಾಸಲ್, ಬ್ರಿಸ್ಟಲ್, ಬೆರಿಕ್ ಇತ್ಯಾದಿ. ಊರಿನ ಬದಲು "ರಾಬರ್ಟ್ ಡಿ ಹ್ಯಾಡ್ಲಿ" ಎಂಬ ಮನುಷ್ಯನ ಹೆಸರು ಕಂಡರೆ ಅದೂ ಬರಿ ಸೇಂಟ್ ಎಡ್ಮಂಡ್ಸ್‌ನದ್ದೇ. 1279ರ ನಂತರ ಟಂಕಿಸಿದವನ ಹೆಸರು ಉಳಿದದ್ದು ಅಲ್ಲೊಂದೇ ಕಡೆ.

ಬೆಳ್ಳಿಚೂರು

ಎಲ್ಲರಿಗೂ ಧನ್ಯವಾದ. ಖ ನಾಣ್ಯದ "ಇ" ಬೆನ್ನು ಮೊನಚಾಗಿಯೇ ಇದೆ. ಕಿರೀಟದಲ್ಲಿ ಮುರಿದಿರುವುದು ಎಸಳಲ್ಲ, ಎಡದ ಮೊನೆ. ಙ ಒಳಬಳೆ ಕ ನಾಣ್ಯದ್ದಕ್ಕೆ ಸಮ. ಮೂರನೇ ತುಂಡಿನ ಎರಡನೇ ಅಕ್ಷರದ ಮೇಲೇ ಆ ಕಪ್ಪು ಕೂತಿದೆ. ಮನೆಯಲ್ಲಿ ಪೂಜೆಯ ಬೆಳ್ಳಿ ಬೆಳಗುವ ಹಾಗೆ ಸ್ವಲ್ಪ ಉಜ್ಜಿದರೆ ಆದೀತೇ? ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆಯ ವಿಧಾನವೂ ಒಂದಿದೆಯಲ್ಲ?

ರಸಪಾಕ

ದಯವಿಟ್ಟು ಬೇಡ. ವಿಭೂತಿ, ಹುಣಸೆಹಣ್ಣು ಆರತಿ ತಟ್ಟೆಗೆ ಸರಿ. ತಟ್ಟೆ ದಪ್ಪ, ಸವೆದರೂ ನಷ್ಟವಿಲ್ಲ. ಈ ಪೆನ್ನಿಯಲ್ಲಿ ಅಕ್ಷರದ ಉಬ್ಬು ಕೂದಲಿನ ದಪ್ಪದ್ದು. ವಿಭೂತಿ ಅದನ್ನು ತೇಯುತ್ತದೆ. ಹುಣಸೆಯ ಹುಳಿ ಬೆಳ್ಳಿಯೊಳಗಿನ ತಾಮ್ರವನ್ನು ಮೇಲ್ಮೈಯಿಂದ ಎಳೆದು ಹಾಕಿ ರಂಧ್ರ ಬಿಡುತ್ತದೆ.

ಸೋಡಾ, ಹಾಳೆಯ ವಿಧಾನ ಕಪ್ಪನ್ನು ತೆಗೆಯುವುದು ನಿಜ. ಆದರೆ ಆ ಕಪ್ಪು ಸಲ್ಫೈಡ್ ಆಗಿದ್ದರೆ ಮಾತ್ರ, ಮತ್ತು ತೆಗೆದ ಜಾಗದಲ್ಲಿ ಸತ್ತ ಬಿಳುಪಿನ ಒರಟು ಮೈ ಉಳಿಯುತ್ತದೆ. ಅಕ್ಷರಗಳ ನಡುವಿನ ಕಪ್ಪು ಹೋದರೆ ಓದಲು ಇನ್ನೂ ಕಷ್ಟ. ಮಣ್ಣಿನಲ್ಲಿ ಏಳುನೂರು ವರ್ಷ ಇದ್ದ ಬೆಳ್ಳಿಯಲ್ಲಿ ತಾಮ್ರ ಕಣಗಳ ಗಡಿಗೆ ಸರಿದು ಲೋಹ ಬಿಸ್ಕತ್ತಿನಂತೆ ಪೆಡಸಾಗಿರಬಹುದು. ಅಂಥದ್ದರ ಸೀಳು ಹಿಡಿದು ನಿಲ್ಲಿಸಿರುವುದು ಎಷ್ಟೋ ಸಲ ಆ ಪದರವೇ. ಬಾಗಿದ ನಾಣ್ಯವನ್ನು ನೇರ ಮಾಡಲು ಹೋಗಿ ಎರಡು ತುಂಡಾಗುವುದು ಇದೇ ಕಾರಣಕ್ಕೆ. (ಬಾಗು ಅಪಘಾತವೇ ಆಗಿರಬೇಕಿಲ್ಲ. ಸಂತರಿಗೆ ಹರಕೆ ಹೊತ್ತು ಪೆನ್ನಿ ಬಗ್ಗಿಸುವ ಪದ್ಧತಿ ಇಂಗ್ಲೆಂಡಿನಲ್ಲಿತ್ತು.)

ಮಾಡಬಹುದಾದದ್ದು ಹೀಗೆ. ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ನಾಣ್ಯವನ್ನು ಒಂದು ದಿನ ಬಿಡಿ, ನೀರು ಬದಲಿಸಿ ಇನ್ನೊಂದು ದಿನ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ, ಕ್ಲೋರೈಡ್ ಇರುತ್ತದೆ. ಆಮೇಲೆ ಶುದ್ಧ ಅಸಿಟೋನಿನಲ್ಲಿ ಹತ್ತು ಹದಿನೈದು ನಿಮಿಷ. ಹರಾಜಿನ ಹಳೆ ನಾಣ್ಯಗಳಿಗೆ ಅಂಟು, ಮೇಣ, ಲ್ಯಾಕರ್ ಬಳಿದಿರುವುದುಂಟು, ಕಪ್ಪೆಂದು ಕಾಣುವುದು ಕೆಲವೊಮ್ಮೆ ಅದೇ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಬಣ್ಣ ಬೆರೆಸಿರುತ್ತಾರೆ, ಅದು ಆಗದು. ಪ್ಲಾಸ್ಟಿಕ್ ಬಟ್ಟಲು ಕರಗಿ ನಾಣ್ಯಕ್ಕೆ ಮೆತ್ತಿಕೊಂಡೀತು. ಕಿಟಕಿ ತೆರೆದಿರಲಿ, ಒಲೆ ಇರುವ ಕೋಣೆಯಲ್ಲಿ ಮಾಡಬೇಡಿ. ಹತ್ತಿ ಸುತ್ತಿದ ಕಡ್ಡಿಯನ್ನು ಉರುಳಿಸಬೇಕು, ಎಳೆಯಬಾರದು.

ಇಷ್ಟಾದ ಮೇಲೂ ಬೂದು ನೇರಳೆ ಬಣ್ಣದ ಗಟ್ಟಿ ಪದರ ಉಳಿದರೆ ಅದು ಬೆಳ್ಳಿಯ ಕ್ಲೋರೈಡ್. ಅಲ್ಲಿಗೆ ಕೈಬಿಡಿ. ಅಕ್ಷರ ಓದಲು ಪದರ ತೆಗೆಯಬೇಕಿಲ್ಲ: ಕತ್ತಲೆ ಕೋಣೆಯಲ್ಲಿ ನಾಣ್ಯದ ಮಟ್ಟಕ್ಕೇ ಟಾರ್ಚ್ ಇಟ್ಟು ಸುತ್ತ ಎಂಟು ದಿಕ್ಕಿನಿಂದ ಎಂಟು ಫೋಟೊ ತೆಗೆಯಿರಿ, ಮೊಬೈಲ್ ಅಲುಗಾಡದಂತೆ ಸ್ಟ್ಯಾಂಡಿನಲ್ಲಿರಲಿ. ಒಂದರಲ್ಲಿ ಕಾಣದ ಅಂಚು ಇನ್ನೊಂದರಲ್ಲಿ ನೆರಳು ಬೀಳಿಸುತ್ತದೆ.

ಇಡುವುದಕ್ಕೆ ಮೆತ್ತಗಿನ ವಾಸನೆ ಬರುವ ಪಿವಿಸಿ ಕವರು ಬೇಡ, ಹಸಿರು ಜಿಡ್ಡು ಬಿಡುತ್ತದೆ. ಮೈಲಾರ್ ಕವರು ಅಥವಾ ಆಮ್ಲರಹಿತ ಕಾಗದದ ಲಕೋಟೆ, ಡಬ್ಬಿಯಲ್ಲಿ ಸಿಲಿಕಾ ಜೆಲ್. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಜೆಲ್ ಬಣ್ಣ ನೋಡಿ ಬದಲಿಸುತ್ತಿರಬೇಕು. ರಬ್ಬರ್ ಬ್ಯಾಂಡ್ ಹತ್ತಿರವೂ ಇಡಬೇಡಿ, ಅದರ ಗಂಧಕದಿಂದಲೇ ಬೆಳ್ಳಿ ಕಪ್ಪಾಗುತ್ತದೆ.

ತಕ್ಕಡಿ

ನಕಲಿನ ಪ್ರಶ್ನೆ ಉಳಿಯಿತು. ನೀರಿನಲ್ಲಿ ತೂಗಿ ಸಾಂದ್ರತೆ ನೋಡಿ ಎಂದು ಯಾರಾದರೂ ಹೇಳಿಯಾರು. ಲೆಕ್ಕ ಹಾಕಿ: ಸ್ಟರ್ಲಿಂಗ್ ಬೆಳ್ಳಿಯ ಸಾಂದ್ರತೆ 10.3 ಆಸುಪಾಸು. 1.41 ಗ್ರಾಂ ನಾಣ್ಯ ಹೊರತಳ್ಳುವ ನೀರು 0.137 ಗ್ರಾಂ. ನಿಮ್ಮ ತಕ್ಕಡಿ 0.01 ಗ್ರಾಂವರೆಗಷ್ಟೇ ತೋರಿಸಿದರೆ ಉತ್ತರ 9.6ರಿಂದ 11.1ರವರೆಗೆ ಎಲ್ಲಿ ಬೇಕಾದರೂ ಬರಬಹುದು. ತವರದ ನಕಲು (7.3 ಸುತ್ತಮುತ್ತ) ಸಿಕ್ಕಿಬೀಳುತ್ತದೆ, ಬೆಳ್ಳಿ ಕಡಿಮೆ ಇರುವುದು ಸಿಕ್ಕಿಬೀಳುವುದಿಲ್ಲ. 0.001 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಮಾತ್ರ ಇದಕ್ಕೆ ಕೈಹಾಕಿ. ನಾಣ್ಯಕ್ಕೆ ಅಂಟಿದ ಒಂದು ಗಾಳಿಗುಳ್ಳೆ ಅದನ್ನೂ ಕೆಡಿಸುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ. ಚಿನಿವಾರರ ಅಂಗಡಿಯ ಎಕ್ಸ್‌ರೇ ಯಂತ್ರವೂ ಮೇಲ್ಮೈಯನ್ನಷ್ಟೇ ಓದುತ್ತದೆ. ಮಣ್ಣಿನಲ್ಲಿದ್ದ ನಾಣ್ಯದ ಮೇಲ್ಮೈಯಿಂದ ತಾಮ್ರ ಹೋಗಿರುವುದರಿಂದ ನಿಜಕ್ಕಿಂತ ಹೆಚ್ಚು ಬೆಳ್ಳಿ ತೋರಿಸುವುದು ಸಾಮಾನ್ಯ.

ಕಣ್ಣೇ ವಾಸಿ. ಎರಕದ ನಕಲಿನಲ್ಲಿ ಅಕ್ಷರದ ಬುಡ ಸೋಪಿನಂತೆ ದುಂಡಗಾಗಿರುತ್ತದೆ, ಬಯಲು ಜಾಗದಲ್ಲಿ ಸೂಜಿಮೊನೆಯ ಗುಳಿಗಳು, ಅಂಚಿನಲ್ಲಿ ಸುತ್ತ ಹರಿಯುವ ಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು. ಸುತ್ತಿಗೆ ಏಟಿನದ್ದರಲ್ಲಿ ಲೋಹ ಅಂಚಿನತ್ತ ಹರಿದ ಸಣ್ಣ ಗೆರೆಗಳು ಅಕ್ಷರದ ಹೊರಬದಿಗೆ ಕಾಣುತ್ತವೆ. ಎರಡು ನಾಣ್ಯದ ಅಚ್ಚು ಒಂದೇ ಇರುವುದು ತಪ್ಪಲ್ಲ. ಅಂಚಿನ ಆಕಾರ, ಸೀಳು, ಗೀರು ಕೂಡ ಒಂದೇ ಇದ್ದರೆ ಎರಡರಲ್ಲಿ ಒಂದಾದರೂ ಎರಕ. ಮ್ಯೂಸಿಯಂ ಅಂಗಡಿಯ ಪ್ಯೂಟರ್ (ತವರದ ಮಿಶ್ರಲೋಹ) ಪ್ರತಿಗಳು ದಪ್ಪ, ಬಗ್ಗಿಸಲು ಹೋದರೆ ಮೆತ್ತಗೆ. ಬೆಳ್ಳಿಯ ಅಡಿಯಿಂದ ಹಸಿರು ಇಣುಕಿದರೆ ಆ ಕಾಲದಲ್ಲೇ ತಾಮ್ರಕ್ಕೆ ಬೆಳ್ಳಿ ಹೊದಿಸಿ ಮಾಡಿದ ಖೋಟಾ ಇರಬಹುದು, ಅದನ್ನು ಬೇರೆಯಾಗಿಯೇ ಇಡಿ.

ಲೆಸ್ಟರ್ ಕನ್ನಡಿಗ

ಕಾಗದಪತ್ರದ ಬಗ್ಗೆ ಎರಡು ಮಾತು. ಇಂಗ್ಲೆಂಡ್, ವೇಲ್ಸ್‌ನಲ್ಲಿ 1996ರ ಟ್ರೆಷರ್ ಕಾಯ್ದೆಯ ಪ್ರಕಾರ ಒಂದೇ ಜಾಗದಲ್ಲಿ ಎರಡು ಅಥವಾ ಹೆಚ್ಚು ನಾಣ್ಯ ಸಿಕ್ಕು, ಅವು 300 ವರ್ಷ ಹಳೆಯವಾಗಿ, ಶೇ 10ರಷ್ಟಾದರೂ ಬೆಳ್ಳಿ ಅಥವಾ ಚಿನ್ನ ಇದ್ದರೆ 14 ದಿನದೊಳಗೆ ಕರೋನರ್‌ಗೆ (ಇಂಥ ಪತ್ತೆಗಳ ವಿಚಾರಣೆ ನಡೆಸುವ ಅಧಿಕಾರಿ) ತಿಳಿಸಬೇಕು. ಸ್ಕಾಟ್ಲೆಂಡಿನಲ್ಲಿ ಒಂಟಿ ನಾಣ್ಯವನ್ನೂ ತಿಳಿಸಬೇಕು. ಆದ್ದರಿಂದ "ಹೊಲದಲ್ಲಿ ಸಿಕ್ಕಿದ್ದು, ಇನ್ನೂ ಮಣ್ಣು ಹೋಗಿಲ್ಲ" ಎಂದು ಐದಾರು ಪೆನ್ನಿ ಒಟ್ಟಿಗೆ ಮಾರುವವರಿಂದ ದೂರ ಇರಿ. ಜನರಿಗೆ ಸಿಕ್ಕ ಹಳೆ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನಲ್ಲಿ ದಾಖಲಾದ ಸಂಖ್ಯೆ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಹಳೆ ಸಂಗ್ರಹದ ಚೀಟಿಯಾದರೂ ಇರಲಿ.

ಭಾರತಕ್ಕೆ ತರಿಸಿಕೊಂಡವರು ಇನ್‌ವಾಯ್ಸ್, ಕಸ್ಟಮ್ಸ್ ರಸೀದಿ ಬಿಸಾಡಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಖ್ಯೆಗೆ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಗ್ರೇಡಿಂಗ್ ಮಾಡಿಸಲು ವಿದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಇಲ್ಲಿಗೆ ತರಿಸುವ ಮೊದಲೇ ಅಲ್ಲಿ ಮುಗಿಸಬೇಕು.

ಖ 11ಬಿ ಎಂದು ಬರೆದುಕೊಳ್ಳಿ. ಎರಡನೇ ಎಡ್ವರ್ಡ್, ಕ್ಯಾಂಟರ್ಬರಿ.

ಬೆಳ್ಳಿಚೂರು

ಅಸಿಟೋನಿಗೆ ಕಪ್ಪು ಕದಲಲಿಲ್ಲ. ಓರೆ ಬೆಳಕಿನ ಫೋಟೊ ಹಾಕಿದ್ದೇನೆ, ಮೂರನೆಯದರಲ್ಲಿ ಎರಡನೇ ಅಕ್ಷರ ನಿಂತ ಗೆರೆಯಾಗಿ ಕಾಣುತ್ತಿದೆ. ನಾಲ್ಕನೇ ತುಂಡು "ಕೊಲ್" ಇದ್ದಂತಿದೆ. ಕಿರೀಟದ ಬದಿ ಹೂವಿಗೆ ಮೂರೆಸಳು.

ಟಂಕಸಾಲೆ

"ಲಿನ್", "ಕೊಲ್". ಲಿಂಕನ್ನೇ, ಅನುಮಾನ ಬೇಡ. ಅಲ್ಲಿನ ಟಂಕಸಾಲೆ ಈ ರೂಪದ ಪೆನ್ನಿ ಹೊಡೆದದ್ದು 3ನೇ ವರ್ಗದಲ್ಲಿ ಮಾತ್ರ, 1280–81. ಉಪವರ್ಗ 3ಸಿಯಿಂದ 3ಜಿವರೆಗೆ ಯಾವುದೂ ಆಗಬಹುದು. ಮುಖ ಚಿಕ್ಕದಾಗಿ ಚೊಕ್ಕವಾಗಿದ್ದು ಕಿರೀಟ ಅಗಲಕ್ಕೆ ಹರಡಿದ್ದರೆ 3ಜಿ ಕಡೆ ಒಲಿಯಿರಿ. ಮುಂಬದಿಯ ಫೋಟೊ ಇನ್ನೂ ಸ್ವಲ್ಪ ಹತ್ತಿರದಿಂದ ಹಾಕಿ, ಎದೆಯ ಬಟ್ಟೆಯ ಗೆರೆ ಕಾಣಬೇಕು.